ಹಳೆಯ ಟವರ್ ಸ್ಪೀಕರ್ ಮನೆಗೆ ತಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಾಲ್‌ನಲ್ಲಿ ಎದೆಯೆತ್ತರದ ಒಂದು ಜೊತೆ ಟವರ್ ಸ್ಪೀಕರ್ ಇವೆ. 1980ರ ದಶಕದವು. ಮನೆಗೆ ಬಂದವರು ಮೊದಲು ಕೇಳುವುದು, "ಇವು ಇನ್ನೂ ಹಾಡುತ್ತವಾ?" ಅಂತ. ಅರ್ಧ ಗಂಟೆ ಕೂತು ಕೇಳಿದ ಮೇಲೆ, "ನಮಗೂ ಇಂಥದ್ದು ಸಿಗುತ್ತಾ?" ಅನ್ನುತ್ತಾರೆ. ಆಮೇಲೆ ಒಂದು ಜೊತೆ ಹುಡುಕಿ ತಂದು, ಒಂದೊಂದಾಗಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಒಂದು ಕಡೆ ಹಾಕಿದ್ದೇನೆ.

ಎಂಥದ್ದನ್ನು ವಿಂಟೇಜ್ ಟವರ್ ಅನ್ನುತ್ತಾರೆ?

ಸ್ಟ್ಯಾಂಡ್ ಇಲ್ಲದೆ ನೇರವಾಗಿ ನೆಲದ ಮೇಲೆ ನಿಲ್ಲುವ, 1970ರಿಂದ 1990ರ ದಶಕದ ನಡುಭಾಗದವರೆಗಿನ ಸ್ಪೀಕರ್‌ಗಳನ್ನು ನಾನು ಈ ಲೆಕ್ಕಕ್ಕೆ ಸೇರಿಸುತ್ತೇನೆ. ಇಂಗ್ಲೆಂಡಿನ ಸೆಲೆಶನ್ ಡಿಟನ್ 66, 1977ರ ಕೆಇಎಫ್ 105, ಅಮೆರಿಕದ ಕ್ಲಿಪ್ಶ್ ಫೋರ್ಟೆ ಇವೆಲ್ಲ ಒಳ್ಳೆಯ ಉದಾಹರಣೆಗಳು. ನೋಡಲು ಒಂದಕ್ಕೊಂದು ಹೋಲಿಕೆಯೇ ಇಲ್ಲ. ಡಿಟನ್ ಅಗಲವಾದ ಮರದ ಪೆಟ್ಟಿಗೆ. 105ರಲ್ಲಿ ಮೇಲಿನ ತಲೆಯ ಭಾಗವೇ ಬೇರೆ, ಅದನ್ನು ಕೇಳುವವರ ಕಡೆಗೆ ತಿರುಗಿಸಬಹುದು. ತೆಳ್ಳಗಿನ, ಉದ್ದನೆಯ ಟವರ್‌ಗಳು ಹೆಚ್ಚಾಗಿ ಬಂದದ್ದು ಆಮೇಲೆ.

ಈ ಕಾಲದ ಸ್ಪೀಕರ್‌ಗಳ ಹಿಂದೆ ಒಂದು ಕಥೆ ಇದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಗಾಳಿಯಾಡದ ಚಿಕ್ಕ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ತೆಗೆಯಬಹುದು ಅಂತ ತೋರಿಸಿದರು. ಅಲ್ಲಿಯವರೆಗೆ ಬೇಸ್ ಬೇಕು ಅಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ತೂತು ಇರುವ, ಅಂದರೆ ಪೋರ್ಟ್ ಇರುವ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಅಂದಾಜೇ ಜಾಸ್ತಿ ನಡೆಯುತ್ತಿತ್ತು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್, ಆಮೇಲೆ ರಿಚರ್ಡ್ ಸ್ಮಾಲ್ ಅದಕ್ಕೊಂದು ಲೆಕ್ಕ ಕೊಟ್ಟರು. 1970ರ ದಶಕದಲ್ಲಿ ಆ ಲೆಕ್ಕ ಎಲ್ಲ ಕಡೆ ಹರಡಿತು. ಯಾವ ವೂಫರ್‌ಗೆ (ತಗ್ಗಿನ ಸದ್ದು ಕೊಡುವ ದೊಡ್ಡ ಭಾಗಕ್ಕೆ) ಎಷ್ಟು ದೊಡ್ಡ ಪೆಟ್ಟಿಗೆ, ಎಷ್ಟುದ್ದದ ಪೋರ್ಟ್ ಅನ್ನುವುದು ಕಾಗದದ ಮೇಲೆಯೇ ಗೊತ್ತಾಗುವಂತಾಯಿತು. ನಿಮ್ಮ ಹಾಲ್‌ನಲ್ಲಿ ನಿಂತಿರುವ ಹಳೆಯ ಪೆಟ್ಟಿಗೆಯ ಅಳತೆ ಸುಮ್ನೆ ಬಂದದ್ದಲ್ಲ. ಮುಂದೆ ಬರುವ ಎಷ್ಟೋ ಉತ್ತರಗಳಲ್ಲಿ "ಇದ್ದದ್ದನ್ನು ಬದಲಿಸಬೇಡಿ" ಅಂತ ಹೇಳುವುದಕ್ಕೆ ಇದೇ ಕಾರಣ.

ಹೊಸ ಸ್ಪೀಕರ್ ಇಷ್ಟೊಂದು ಸಿಗುವಾಗ ಹಳೆಯದು ಯಾಕೆ?

ದೊಡ್ಡ ಕೋನ್‌ಗಾಗಿ, ಅಂದರೆ ಅಲುಗಾಡಿ ಸದ್ದು ಮಾಡುವ ಆ ದೊಡ್ಡ ತಟ್ಟೆಗಾಗಿ. 12 ಇಂಚಿನ ವೂಫರ್‌ನ ಮೈ ಆರೂವರೆ ಇಂಚಿನದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಅಷ್ಟೇ ಸದ್ದು ಕೊಡಲು ಅದು ಕಾಲು ಭಾಗ ಅಲುಗಾಡಿದರೆ ಸಾಕು. ಹಾಗಾಗಿ ಮೃದಂಗದ ಎಡಗಡೆಯ ಗುಂಕಿ ಬಂದಾಗ ಸ್ಪೀಕರ್ ತಿಣುಕುವುದಿಲ್ಲ, ಸಲೀಸಾಗಿ ಬಿಡುತ್ತದೆ. ಅಗಲವಾದ ಮುಂಭಾಗ ಇರುವ ಪೆಟ್ಟಿಗೆಯಲ್ಲಿ ಗಂಡಸರ ದನಿಯ ಕೆಳಗಿನ ಭಾಗಕ್ಕೂ ಒಳ್ಳೆಯ ಒತ್ತಾಸೆ ಸಿಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಆಲಾಪ ಶುರು ಮಾಡಿದರೆ ದನಿ ಎದೆಯಿಂದ ಬರುತ್ತಿದೆ ಅನ್ನಿಸುತ್ತದೆ, ಬರೀ ಗಂಟಲಿನಿಂದ ಅಲ್ಲ.

ಹೊಸದರಲ್ಲೂ ಒಳ್ಳೆಯ ಗುಣಗಳಿವೆ. ಪಕ್ಕಕ್ಕೆ ಸರಿದು ಕೂತರೂ ಸದ್ದು ಅಷ್ಟಾಗಿ ಬದಲಾಗುವುದಿಲ್ಲ, ಪೆಟ್ಟಿಗೆ ಗಟ್ಟಿ ಇರುತ್ತದೆ, ತೆಳ್ಳಗಿನ ಟವರ್‌ಗಳಲ್ಲಿ ಹಾಡುಗಾರ ಎಲ್ಲಿ ಕೂತಿದ್ದಾನೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಹಳೆಯದೆಲ್ಲ ಚಿನ್ನವಲ್ಲ. ಆ ಕಾಲದಲ್ಲೂ ಅಗ್ಗದ ಡ್ರೈವರ್‌ಗಳನ್ನು, ಅಂದರೆ ಸದ್ದು ಮಾಡುವ ಭಾಗಗಳನ್ನು, ದೊಡ್ಡ ಪೆಟ್ಟಿಗೆಯಲ್ಲಿಟ್ಟು ಮಾರಿದವರು ಬೇಕಾದಷ್ಟು ಜನ ಇದ್ದರು. ಕೇಳದೆ ಕೊಳ್ಳಬೇಡಿ.

ಕೊಳ್ಳಲು ಹೋದಾಗ ಏನೇನು ನೋಡಬೇಕು?

ಒಂದು ಟಾರ್ಚ್, ಒಂದು ಮಲ್ಟಿಮೀಟರ್, ನಿಮಗೆ ಬಾಯಿಪಾಠ ಆಗಿರುವ ನಾಲ್ಕು ಹಾಡು. ಇಷ್ಟು ಇಟ್ಟುಕೊಂಡು ಹೋಗಿ.

ಮೊದಲು ಗ್ರಿಲ್ ತೆಗೆಸಿ. ಇದು ಕಡ್ಡಾಯ. ವೂಫರ್‌ನ ಸುತ್ತ ಇರುವ ಮೆತ್ತನೆಯ ಅಂಚನ್ನು ಟಾರ್ಚ್ ಹಾಕಿ ನೋಡಿ. ಫೋಮ್ ಆಗಿದ್ದರೆ ಬಿರುಕು, ಅಂಟಂಟು, ಪುಡಿ ಇದೆಯಾ ಗಮನಿಸಿ. ಆಮೇಲೆ ನಡುವಿನ ಡಸ್ಟ್ ಕ್ಯಾಪ್ ಸುತ್ತ ನಾಲ್ಕು ಬೆರಳು ಸಮವಾಗಿ ಇಟ್ಟು ಕೋನ್ ಅನ್ನು ಮೆಲ್ಲಗೆ ಒಳಕ್ಕೆ ತಳ್ಳಿ ಬಿಡಿ. ಕಿವಿ ಹತ್ತಿರ ಇರಲಿ. ಸದ್ದಿಲ್ಲದೆ ಹೋಗಿ ಬಂದರೆ ಒಳ್ಳೆಯದು. ಕರಕರ ಅಂತ ಉಜ್ಜಿದರೆ ಒಳಗಿನ ವಾಯ್ಸ್ ಕಾಯಿಲ್ (ಕೋನ್ ಅಲುಗಾಡಿಸುವ ತಂತಿ ಸುರುಳಿ) ಮ್ಯಾಗ್ನೆಟ್‌ಗೆ ತಾಗುತ್ತಿದೆ. ಒಂದೇ ಬೆರಳಲ್ಲಿ ಒಂದು ಬದಿಗೆ ಒತ್ತಬೇಡಿ. ಸರಿ ಇರುವ ಕಾಯಿಲ್ ಕೂಡ ಹಾಗೆ ಒತ್ತಿದರೆ ಉಜ್ಜುತ್ತದೆ.

ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಹಿಂದಿನ ಟರ್ಮಿನಲ್‌ಗಳಲ್ಲಿ ಅಳೆಯಿರಿ. 8 ಓಮ್ ಅಂತ ಬರೆದಿರುವ ಸ್ಪೀಕರ್ ಸಾಮಾನ್ಯವಾಗಿ 6ರ ಆಸುಪಾಸು ತೋರಿಸುತ್ತದೆ, 4 ಓಮ್‌ನದು 3ರ ಆಸುಪಾಸು. ಎಡದ್ದು ಮತ್ತು ಬಲದ್ದು ಹೆಚ್ಚು ಕಡಿಮೆ ಒಂದೇ ಇರಬೇಕು. ಆದರೆ ಇದರಿಂದ ವೂಫರ್ ಸಮಾಚಾರ ಮಾತ್ರ ಗೊತ್ತಾಗುತ್ತದೆ. ಮೇಲಿನ ಸದ್ದು ಕೊಡುವ ಟ್ವೀಟರ್ ಮುಂದೆ ಮೀಟರ್‌ನ ಕರೆಂಟ್ ತಡೆಯುವ ಕೆಪಾಸಿಟರ್ ಇರುವುದರಿಂದ ಅದು ಸತ್ತಿದ್ದರೂ ಮೀಟರ್ ಏನೂ ಹೇಳುವುದಿಲ್ಲ. ಅದಕ್ಕೆ ಕಿವಿಯೇ ಬೇಕು. ಒಂದು ದಪ್ಪ ಕಾಗದವನ್ನು ಸುರುಳಿ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಟ್ವೀಟರ್ ಹತ್ತಿರ ಹಿಡಿಯಿರಿ. ಆಮೇಲೆ ನಡುವಿನ ಸದ್ದು ಕೊಡುವ ಮಿಡ್‌ರೇಂಜ್ ಹತ್ತಿರ. ಎರಡೂ ಕಡೆ ಹೋಲಿಸಿ. ಹಾಡು ಸಣ್ಣಗೆ ಇಟ್ಟರೆ ಸಾಕು.

ಕೊನೆಗೆ ಸ್ಪೀಕರ್ ಬುಡ ನೋಡಿ. ಯಾಕೆ ಅನ್ನುವುದನ್ನು ಮಳೆಗಾಲದ ಪ್ರಶ್ನೆಯಲ್ಲಿ ಹೇಳುತ್ತೇನೆ.

ವೂಫರ್ ಅಂಚಿನ ಫೋಮ್ ಪುಡಿಪುಡಿ ಆಗಿದೆ. ಕೆಲಸ ಮುಗಿಯಿತಾ?

ಇಲ್ಲ! ಎಲ್ಲಕ್ಕಿಂತ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಎಷ್ಟೋ ಒಳ್ಳೆಯ ಸ್ಪೀಕರ್‌ಗಳು ಇದೊಂದೇ ಕಾರಣಕ್ಕೆ ಗುಜರಿಗೆ ಹೋಗುತ್ತವೆ. ನನಗೆ ತುಂಬಾ ನೋವಾಗುವ ವಿಷಯ ಇದು.

ಆ ಕಾಲದ ಫೋಮ್ ಪಾಲಿಯುರೆಥೇನ್‌ನದು. ಗಾಳಿಯ ತೇವ, ಬಿಸಿ, ಬೆಳಕು ಸೇರಿ ಅದನ್ನು ನಿಧಾನಕ್ಕೆ ಒಡೆಯುತ್ತವೆ. ಸ್ಪೀಕರ್ ಬಳಸಿದರೂ ಅಷ್ಟೇ, ಸುಮ್ನೆ ಮೂಲೆಯಲ್ಲಿ ಇಟ್ಟರೂ ಅಷ್ಟೇ, 15-20 ವರ್ಷದಲ್ಲಿ ಫೋಮ್ ಕೈಕೊಡುತ್ತದೆ. ಆದರೆ ಹಾಳಾಗುವುದು ಆ ಅಂಚು ಮಾತ್ರ. ಕೋನ್, ಕಾಯಿಲ್, ಮ್ಯಾಗ್ನೆಟ್ ಎಲ್ಲ ಗಟ್ಟಿಯಾಗಿಯೇ ಇರುತ್ತವೆ. ಹೊಸ ಫೋಮ್ ಅಂಚು ಅಂಟಿಸಿದರೆ ವೂಫರ್ ಮತ್ತೆ ಹಾಡುತ್ತದೆ.

ನನ್ನ ಜೋಡಿ ಸ್ಪೀಕರ್ ಮನೆಗೆ ಬಂದ ದಿನ ಗ್ರಿಲ್ ತೆಗೆದು ನೋಡಿದರೆ ಫೋಮ್ ಹಳೆಯ ಬೆಲ್ಲದ ಹಾಗೆ ಆಗಿತ್ತು. ಕೆಲವು ಕಡೆ ಕೈಗೆ ಅಂಟುತ್ತಿತ್ತು, ಕೆಲವು ಕಡೆ ಬೆರಳು ತಾಗಿದರೆ ಉದುರುತ್ತಿತ್ತು. ಒಂದನ್ನು ಅಂಗಡಿಗೆ ಕೊಟ್ಟೆ. ಕಾಯಿಲ್ ನಡುವಿಗೆ ಬಾರದೆ ಉಜ್ಜುವ ಸದ್ದಿನೊಂದಿಗೆ ವಾಪಸ್ ಬಂತು. ಆಮೇಲೆ ಎರಡನ್ನೂ ಊಟದ ಮೇಜಿನ ಮೇಲೆ ಇಟ್ಟುಕೊಂಡು ನಾನೇ ಕೂತೆ.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಹೊಸ ಅಂಚು ತರಿಸುವ ಮುಂಚೆ ಅಳತೆ ಸರಿಯಾಗಿ ತೆಗೆಯಿರಿ: ಕೋನ್‌ನ ಅಗಲ, ಫೋಮ್‌ನ ಉಬ್ಬು ಎಲ್ಲಿಂದ ಎಲ್ಲಿಗೆ ಇದೆ, ಹೊರಗಿನ ಅಂಚು ಫ್ರೇಮ್ ಮೇಲೆ ಎಷ್ಟು ಕೂರುತ್ತದೆ. "10 ಇಂಚಿನದು ಕೊಡಿ" ಅಂದರೆ ಸಾಲದು. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ನೆನೆಸಿ, ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ. ಕಾಗದದ ಕೋನ್ ಆದರೆ ಇಲ್ಲಿ ಅವಸರ ಮಾಡಲೇಬೇಡಿ. ಒಂದು ವೂಫರ್‌ಗೆ ನನಗೆ ಒಂದು ಇಡೀ ಸಂಜೆ ಹಿಡಿಯಿತು. ಮೊದಲು ಹೊಸ ಫೋಮ್‌ನ ಒಳಗಿನ ಅಂಚನ್ನು ಕೋನ್‌ಗೆ ಅಂಟಿಸಿ ಪೂರ್ತಿ ಒಣಗಲು ಬಿಡಿ. ಹೊರಗಿನ ಅಂಚು ಆಮೇಲೆ. ಕಾಯಿಲ್ ನಡುವಿಗೆ ಕೂರುವುದು, ಕೂರದಿರುವುದು ಈ ಹಂತದಲ್ಲೇ ತೀರ್ಮಾನ ಆಗುತ್ತದೆ.

ನಡುವಿಗೆ ತರಲು ಎರಡು ದಾರಿ. ಡಸ್ಟ್ ಕ್ಯಾಪ್ ಬಿಡಿಸಿ, ಕಾಯಿಲ್ ಮತ್ತು ಅದರೊಳಗಿನ ಕಬ್ಬಿಣದ ಕಂಬದ ನಡುವೆ ಸುತ್ತಲೂ ತೆಳು ಪ್ಲಾಸ್ಟಿಕ್ ಪಟ್ಟಿ ತುರುಕಿ, ಅಂಟು ಒಣಗಿದ ಮೇಲೆ ಎಳೆಯುವುದು ಒಂದು. ಇನ್ನೊಂದರಲ್ಲಿ ಕ್ಯಾಪ್ ಮುಟ್ಟುವುದಿಲ್ಲ. ಅಂಟು ಹಸಿ ಇರುವಾಗಲೇ 30 ಹರ್ಟ್ಜ್‌ನಷ್ಟು ತಗ್ಗಿನ ಸ್ವರವನ್ನು ಸಣ್ಣಗೆ ಬಿಟ್ಟು, ಉಜ್ಜುವ ಸದ್ದು ನಿಲ್ಲುವವರೆಗೆ ಅಂಚನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗುವುದು. ನಾನು ಎರಡನೆಯದನ್ನೇ ಮಾಡಿದೆ. ಒಂದು ಕ್ಷಣ ಬಂತು, ಕರಕರ ನಿಂತು ಕೋನ್ ಮೌನವಾಗಿ ಉಸಿರಾಡುವ ಹಾಗೆ ಒಳಗೆ ಹೊರಗೆ ಹೋಗತೊಡಗಿತು. ಕೈಯನ್ನು ಹಾಗೇ ಹಿಡಿದು ಕೂತುಬಿಟ್ಟೆ.

ಸೂಪರ್ ಗ್ಲೂ, ಸಿಲಿಕೋನ್ ಬೇಡ. ಫೋಮ್ ಅಂಚಿನ ಜೊತೆ ಕಿಟ್‌ನಲ್ಲಿ ಬರುವ ಅಂಟನ್ನೇ ಬಳಸಿ. ಒಂದು ಹಾಳಾಗಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. 24 ಗಂಟೆ ಮುಟ್ಟಬೇಡಿ.

ಫೋಮ್ ಬದಲು ರಬ್ಬರ್ ಹಾಕಿಸಿದರೆ ಹೆಚ್ಚು ಬಾಳಿಕೆ ಬರುತ್ತದಲ್ವಾ?

ಬಾಳಿಕೆ ಬರುತ್ತದೆ, ಸದ್ದು ಬದಲಾಗುತ್ತದೆ. ರಬ್ಬರ್ ಭಾರ. ಕೋನ್‌ನ ತೂಕ, ಬಿಗಿ ಎರಡೂ ಬದಲಾದರೆ ಪೆಟ್ಟಿಗೆಯ ಲೆಕ್ಕವೇ ತಪ್ಪುತ್ತದೆ. ಮೊದಲು ಫೋಮ್ ಇದ್ದರೆ ಫೋಮ್, ರಬ್ಬರ್ ಇದ್ದರೆ ರಬ್ಬರ್. ಬಟ್ಟೆಯ ಅಂಚು ಇದ್ದರೆ ನಿಮ್ಮ ಅದೃಷ್ಟ, ಸುಮ್ನೆ ಬಿಡಿ.

ಕ್ರಾಸೋವರ್‌ನ ಕೆಪಾಸಿಟರ್‌ಗಳನ್ನು ಬದಲಿಸಬೇಕಾ?

ಕ್ರಾಸೋವರ್ ಅಂದರೆ ಸದ್ದನ್ನು ವೂಫರ್, ಟ್ವೀಟರ್‌ಗೆ ಹಂಚುವ ಒಳಗಿನ ಬೋರ್ಡ್. ಮೊದಲು ಕೇಳಿ. ಎರಡೂ ಸ್ಪೀಕರ್‌ಗಳಲ್ಲಿ ತಾಳದ ಕಿಣಿಕಿಣಿ ಮಂಕಾಗಿದೆಯಾ? ಒಂದು ಇನ್ನೊಂದಕ್ಕಿಂತ ಡಲ್ ಆಗಿದೆಯಾ? ಹಾಗಿದ್ದರೆ ಬದಲಿಸುವ ಕಾಲ ಬಂದಿದೆ. ಆ ಕಾಲದ ಎಷ್ಟೋ ಸ್ಪೀಕರ್‌ಗಳಲ್ಲಿ ಇರುವುದು ನಾನ್-ಪೋಲಾರ್ (ಪ್ಲಸ್-ಮೈನಸ್ ಭೇದ ಇಲ್ಲದ) ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ವರ್ಷ ಕಳೆದಂತೆ ಒಳಗಿನ ದ್ರವ ಒಣಗಿ, ಮೈಕ್ರೋಫ್ಯಾರಡ್ ಅಳತೆ ಬದಲಾಗಿ, ಅಡ್ಡಿ (ರೆಸಿಸ್ಟೆನ್ಸ್) ಜಾಸ್ತಿ ಆಗುತ್ತದೆ. ಟ್ವೀಟರ್‌ಗೆ ಹೋಗುವ ಸದ್ದು ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಎಷ್ಟೋ ಅಷ್ಟೇ ಹಾಕಿ. ವೋಲ್ಟೇಜ್ ಅಷ್ಟೇ ಇರಲಿ ಅಥವಾ ಮೇಲಿರಲಿ. ಸರಿಯಾದ ಅಳತೆಯದು ಸಿಗದಿದ್ದರೆ ಎರಡನ್ನು ಸಮಾನಾಂತರವಾಗಿ ಸೇರಿಸಬಹುದು, 6.8 ಮತ್ತು 1.2 ಸೇರಿದರೆ 8. ಬೆಂಗಳೂರಿನವರು ಎಸ್‌.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿ ಕೇಳಿ ನೋಡಿ. ಆದರೆ ಪ್ಲಸ್-ಮೈನಸ್ ಗುರುತಿರುವ ಮಾಮೂಲಿ ಎಲೆಕ್ಟ್ರೋಲಿಟಿಕ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಸ್ಪೀಕರ್‌ಗೆ ಅದು ಆಗುವುದಿಲ್ಲ.

ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿದ ಮೇಲೆ "ಸದ್ದು ಚುಚ್ಚುತ್ತಿದೆ" ಅಂತ ಕೆಲವರು ಹೇಳುತ್ತಾರೆ. ಹಳೆಯ ಕೆಪಾಸಿಟರ್‌ನಲ್ಲಿದ್ದ ಸ್ವಲ್ಪ ಅಡ್ಡಿಯನ್ನೂ ಲೆಕ್ಕಕ್ಕೆ ಹಿಡಿದೇ ಡಿಸೈನ್ ಮಾಡಿರಬಹುದು. ಆಗ ಅರ್ಧ ಓಮ್‌ನಂಥ ಚಿಕ್ಕ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ ನೋಡಿ. ಬೆಸುಗೆ ಹಾಕುವ ಮುಂಚೆ ಬೋರ್ಡಿನ ಫೋಟೋ ತೆಗೆದಿಡಿ, ನಾಲ್ಕು ಕೋನದಿಂದ.

ಟ್ವೀಟರ್ ಲೆವೆಲ್ ನಾಬ್ ತಿರುಗಿಸಿದರೆ ಬರಬರ ಅನ್ನುತ್ತದೆ.

ತುಕ್ಕು. ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ, ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್. ಟ್ವೀಟರ್ ಸತ್ತಿದೆ ಅಂತ ಕೊಟ್ಟುಬಿಟ್ಟ ಸ್ಪೀಕರ್‌ಗಳಲ್ಲಿ ಕೆಲವದರ ನಿಜವಾದ ರೋಗ ಇದೇ.

ಎಷ್ಟು ವಾಟ್‌ನ ಆಂಪ್ಲಿಫೈಯರ್ ಬೇಕು?

ವಾಟ್ ನೋಡುವ ಮುಂಚೆ ಸೆನ್ಸಿಟಿವಿಟಿ ನೋಡಿ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಅನ್ನುವ ಲೆಕ್ಕ ಅದು. ಪ್ರತಿ 3 ಡೆಸಿಬೆಲ್‌ಗೆ ವಾಟ್ ಎರಡು ಪಟ್ಟು. ಹಾಗಾಗಿ 95ರ ಸ್ಪೀಕರ್ 10 ವಾಟ್‌ನಲ್ಲಿ ಕೊಡುವ ಸದ್ದನ್ನು 86ರ ಸ್ಪೀಕರ್‌ನಿಂದ ತೆಗೆಯಲು 80 ವಾಟ್ ಬೇಕು. ಫೋರ್ಟೆಯಂಥ ಹಾರ್ನ್ ಸ್ಪೀಕರ್‌ಗೆ ಚಿಕ್ಕ ಆಂಪ್ ಧಾರಾಳವಾಗಿ ಸಾಲುವುದು ಇದಕ್ಕೇ.

ಎರಡನೆಯದು ಓಮ್. 4 ಓಮ್ ಅಥವಾ ಅದಕ್ಕಿಂತ ಕೆಳಗೆ ಇಳಿಯುವ ಸ್ಪೀಕರ್‌ಗೆ ಹಗುರ ಟ್ರಾನ್ಸ್‌ಫಾರ್ಮರ್ ಇರುವ, ಹೋಮ್ ಥಿಯೇಟರ್‌ನ ಎವಿ ರಿಸೀವರ್ ಕೊಟ್ಟರೆ ಅದು ಬಿಸಿಯಾಗಿ ಆಫ್ ಆಗುತ್ತದೆ. ಒಳ್ಳೆಯ ಸ್ಟೀರಿಯೋ ಇಂಟಿಗ್ರೇಟೆಡ್ ಆಂಪ್ ಇಲ್ಲಿ ಕ್ಷೇಮ.

ಜನ ನಂಬದ ಒಂದು ಮಾತು: ಟ್ವೀಟರ್ ಎಷ್ಟೋ ಸಲ ಸುಡುವುದು ಚಿಕ್ಕ ಆಂಪ್‌ನಿಂದ. ಶಕ್ತಿ ಮೀರಿ ದುಡಿಸಿದಾಗ ಆಂಪ್ ಅಲೆಯ ತಲೆ ಕತ್ತರಿಸುತ್ತದೆ. ಆ ಒರಟು ಸದ್ದಿನ ಶಕ್ತಿ ಟ್ವೀಟರ್ ಮೇಲೆ ಬೀಳುತ್ತದೆ. ಸದ್ದು ಒಡೆದ ಹಾಗೆ ಕೇಳಿದ ತಕ್ಷಣ ವಾಲ್ಯೂಮ್ ಇಳಿಸಿ.

ಅಮೆರಿಕದಿಂದ ಅಣ್ಣ ಹಳೆಯ ಸ್ಪೀಕರ್ ಮತ್ತು ಆಂಪ್ ಎರಡನ್ನೂ ಕಳಿಸಿದ್ದಾನೆ. ಇಲ್ಲಿನ ಕರೆಂಟ್‌ಗೆ ಆಗುತ್ತಾ?

ಸ್ಪೀಕರ್‌ಗೆ ಏನೂ ಚಿಂತೆ ಇಲ್ಲ, ಅದು ಗೋಡೆಯ ಕರೆಂಟ್ ಮುಟ್ಟುವುದೇ ಇಲ್ಲ. ಆಂಪ್ ಮಾತ್ರ 120 ವೋಲ್ಟ್‌ನದು. ನೇರವಾಗಿ ಹಾಕಿದರೆ ಆ ನಿಮಿಷವೇ ಸುಡುತ್ತದೆ. ಹಿಂದೆ ವೋಲ್ಟೇಜ್ ಸ್ವಿಚ್ ಇದೆಯಾ ನೋಡಿ. ಇಲ್ಲದಿದ್ದರೆ ಆಂಪ್ ಎಳೆಯುವ ವಾಟ್‌ಗಿಂತ ಸಾಕಷ್ಟು ಜಾಸ್ತಿ ತಾಳುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ವೈರ್‌ಗೆ ಎಷ್ಟು ಖರ್ಚು ಮಾಡಲಿ?

ಕಡಿಮೆ. ನಾಲ್ಕು ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. ಹೋಗಿ ಬರುವ ಎರಡೂ ಎಳೆ ಸೇರಿ ಅದರ ಅಡ್ಡಿ 0.06 ಓಮ್ ಆಸುಪಾಸು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಎರಡೂ ಕಡೆ ಸರಿ ಇರಲಿ. ಅನುಮಾನ ಬಂದರೆ ಆಂಪ್‌ನಿಂದ ವೈರ್ ಬಿಚ್ಚಿ, 1.5 ವೋಲ್ಟ್ ಸೆಲ್ ಒಂದನ್ನು ಕ್ಷಣಮಾತ್ರ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ಸಾಮಾನ್ಯವಾಗಿ ವೂಫರ್ ಹೊರಕ್ಕೆ ಬರುತ್ತದೆ. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಇದು ಉಲ್ಟಾ ಇರಬಹುದು. ಎರಡೂ ಒಂದೇ ದಿಕ್ಕಿಗೆ ಹೋದರೆ ಸರಿ. ಒಂದು ಒಳಗೆ, ಒಂದು ಹೊರಗೆ ಹೋದರೆ ಬೇಸ್ ಮಾಯವಾಗುತ್ತದೆ.

ಹಾಲ್ ಚಿಕ್ಕದು. ಬೇಸ್ ಬರೀ ಗುಂಯ್ ಅನ್ನುತ್ತದೆ. ಸ್ಪೀಕರ್ ದೋಷವಾ?

ಬಹಳ ಮಟ್ಟಿಗೆ ಹಾಲ್‌ನ ದೋಷ. ನಮ್ಮ ಮನೆಗಳಲ್ಲಿ ಸಿಮೆಂಟ್ ಗೋಡೆ, ವಿಟ್ರಿಫೈಡ್ ಟೈಲ್ಸ್, ಗಾಜಿನ ಶೋಕೇಸ್. ಸದ್ದು ಹೀರುವ ವಸ್ತು ಸೋಫಾ ಬಿಟ್ಟರೆ ಇನ್ನೊಂದಿಲ್ಲ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟ್ರ್‌ರ್ ಅಂತ ಬಾಲ ಕೇಳಿದರೆ ಅದೇ ಬಾಲ ನಿಮ್ಮ ಪಿಟೀಲಿಗೂ ಅಂಟುತ್ತದೆ.

ಬೇಸ್‌ದು ಬೇರೆ ಲೆಕ್ಕ. 12 ಅಡಿ ಉದ್ದದ ರೂಮ್ 47 ಹರ್ಟ್ಜ್ ಸುಮಾರಿನಲ್ಲಿ ತಾನೇ ಮೊಳಗುತ್ತದೆ. ಮೂಲೆಯಲ್ಲಿ ಸ್ಪೀಕರ್ ಇಟ್ಟರೆ ಆ ಮೊಳಗಿಗೆ ಗಾಳಿ ಹಾಕಿದ ಹಾಗೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ, ಪಕ್ಕದ ಗೋಡೆಯಿಂದ ಎರಡು ಅಡಿ ಬಿಟ್ಟು ಶುರು ಮಾಡಿ. ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸಮ ಬಾಹುವಿನ ತ್ರಿಕೋನ ಆಗಲಿ. ಆಮೇಲೆ ತಂಬೂರಿ ಇರುವ ಒಂದು ರೆಕಾರ್ಡಿಂಗ್ ಹಾಕಿ, ಸ್ಪೀಕರ್‌ಗಳನ್ನು ಅಂಗೈ ಅಗಲದಷ್ಟು ಸರಿಸುತ್ತಾ ಕೇಳಿ. ನಾಲ್ಕು ತಂತಿ ಬಿಡಿಬಿಡಿಯಾಗಿ ಕೇಳಿ, ಖರಜ (ಎಲ್ಲಕ್ಕಿಂತ ತಗ್ಗಿನ ತಂತಿ) ಉಳಿದವನ್ನು ನುಂಗದೆ ಇರುವ ಜಾಗ ಒಂದು ಸಿಗುತ್ತದೆ. ನನಗೆ ಅದು ಸಿಕ್ಕಿದ್ದು ಮೂರನೇ ಭಾನುವಾರ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದ್ದೆ. ಅಷ್ಟು ದಿನ ಮೀಟು ಮಾತ್ರ ಕೇಳುತ್ತಿತ್ತು. ಅವತ್ತು ಮೀಟು ಮುಗಿದ ಮೇಲೂ ಗಮಕದಲ್ಲಿ ಎಳೆದ ತಂತಿ ಮೆಲ್ಲಗೆ ಆರುತ್ತಾ ಹೋಗುವುದು ಕೇಳಿಸಿತು. ಆ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಿಟ್ಟೆ.

ಜಾಗವೇ ಇಲ್ಲ, ಗೋಡೆಗೆ ಒತ್ತಿಯೇ ಇಡಬೇಕು ಅನ್ನುವವರು ಪೋರ್ಟ್ ಒಳಗೆ ಒಂದು ಜೊತೆ ಕಾಲುಚೀಲ ಸಡಿಲವಾಗಿ ತುರುಕಿ ನೋಡಿ. ನೆಲಕ್ಕೆ ತೆಳು ಜಮಖಾನೆ ಹಾಸಿದರೆ ಮೇಲಿನ ಸದ್ದು ಮಾತ್ರ ಸ್ವಲ್ಪ ಕಡಿಮೆ ಆಗುತ್ತದೆ. ಅದರ ಕೆಳಗೆ ದಪ್ಪ ಕುರಿಯುಣ್ಣೆಯ ಕಂಬಳಿ ಹಾಕಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ತುಂಬಾ ಒಳ್ಳೆಯದು.

ನಾವು ಉಡುಪಿ ಕಡೆಯವರು. ಮಳೆಗಾಲದಲ್ಲಿ ಏನು ಜಾಗ್ರತೆ?

ಪೆಟ್ಟಿಗೆಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್‌ನವು, ಮೇಲೆ ವೆನೀರ್ ಅಥವಾ ವಿನೈಲ್. ನೀರು ಕುಡಿದರೆ ಉಬ್ಬುತ್ತವೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಮಳೆಗಿಂತ ದೊಡ್ಡ ಶತ್ರು ದಿನಾ ನೆಲ ಒರೆಸುವ ಬಟ್ಟೆ. ಸ್ಪೀಕರ್ ಬುಡ ನೋಡಿ ಅಂತ ಮೊದಲೇ ಹೇಳಿದ್ದು ಇದಕ್ಕೆ. ಕೆಳಗೆ ಒಂದು ಗ್ರಾನೈಟ್ ತುಂಡು ಇಡಿ, ಅದರ ಮೇಲೆ ರಬ್ಬರ್ ಪಾದ. ಗೋಡೆಗೆ ತಾಗಿಸಬೇಡಿ, ಹಿಂದೆ ಗಾಳಿಯಾಡಲಿ. ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ. ದಿನಾ ಒಂದು ಗಂಟೆ ಹಾಡು ಹಾಕುವುದೂ ಒಳ್ಳೆಯದು. ಪೋರ್ಟ್‌ಗೆ ಒಳಗಿನಿಂದ ತೆಳು ನೈಲಾನ್ ಜಾಲರಿ ಕಟ್ಟಿ. ಹಲ್ಲಿ, ಜಿರಳೆಗಳಿಗೆ ಆ ಪೆಟ್ಟಿಗೆಗಿಂತ ಬೆಚ್ಚನೆಯ ಮನೆ ಇಲ್ಲ.

ಫೋನ್‌ನಿಂದ ಬ್ಲೂಟೂತ್‌ನಲ್ಲಿ ಕೇಳಿದರೆ ಇದಕ್ಕೆ ಅವಮಾನವಾ?

ಖಂಡಿತ ಅಲ್ಲ. ಅಡುಗೆ ಮಾಡುತ್ತಾ ಕೇಳಲು ಅದೇ ಅನುಕೂಲ. ಕೂತು ಕೇಳುವ ದಿನ ಮಾತ್ರ ವೈರ್ ಹಾಕಿದ ಡಿಎಸಿ (ಡಿಜಿಟಲ್ ಹಾಡನ್ನು ಆಂಪ್‌ಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ), ಸಿಡಿ ಅಥವಾ ಟರ್ನ್‌ಟೇಬಲ್ ಬಳಸಿ.

ಮನೆ ಬದಲಿಸುತ್ತಿದ್ದೇವೆ. ಹೇಗೆ ಸಾಗಿಸುವುದು?

ಕೋನ್‌ಗಳ ಮುಂದೆ ಗ್ರಿಲ್, ಗ್ರಿಲ್ ಮುಂದೆ ರಟ್ಟು, ಅದರ ಮೇಲೆ ಹಳೆಯ ರಗ್ಗು. ಗೂಡ್ಸ್ ಆಟೋದಲ್ಲಿ ನಿಲ್ಲಿಸಿಯೇ ಕಟ್ಟಿ, ಎರಡರ ಮುಖವೂ ಒಳಗಡೆಗೆ ಇರಲಿ. ಮಲಗಿಸಲೇಬೇಕು ಅಂದರೆ ಬೆನ್ನಿನ ಮೇಲೆ. ಟರ್ಮಿನಲ್ ಚಾಚಿಕೊಂಡಿದ್ದರೆ ಅಲ್ಲಿಗೆ ದಿಂಬು ಕೊಡಿ. ಎತ್ತುವವರಿಗೆ ಪೋರ್ಟ್ ಒಳಗೆ ಕೈ ಹಾಕಬೇಡಿ ಅಂತ ಮುಂಚೆಯೇ ಹೇಳಿ. ಹಿಂಭಾಗದಲ್ಲಿ ಪೆನ್ಸಿಲ್‌ನಲ್ಲಿ ಎಡ, ಬಲ ಅಂತ ಬರೆದಿಡಿ. ಹೊಸ ಹಾಲ್‌ನಲ್ಲಿ ಪರದೆ, ಸೋಫಾ ಎಲ್ಲ ಬಂದ ಮೇಲೆ ಮತ್ತೆ ತಂಬೂರಿ ಹಾಕಿಕೊಂಡು ಜಾಗ ಹುಡುಕಿ. ಹಳೆಯ ಮನೆಯ ಅಳತೆ ಅಲ್ಲಿಗೆ ಹೊಂದುವುದಿಲ್ಲ.